ಊತ ಇಳಿಯುವವರೆಗೆ

ಪ್ರೀತಿಯ ಅತ್ತಿಗೆ,

ನಿಮ್ಮ ಒಂದು ಪ್ರಶ್ನೆಗೆ ಉತ್ತರ ಕೊಡದೆ ಇಷ್ಟು ದಿನ ಜಾರಿಕೊಂಡೆ. ಆಸ್ಪತ್ರೆಯಲ್ಲಿ ನೀವು ಸ್ನಾನಕ್ಕೆಂದು ಹೋದಾಗ ಅಣ್ಣ ನನ್ನ ಮಂಚದ ಪಕ್ಕ ಒಬ್ಬನೇ ಕೂತಿದ್ದನಲ್ಲ, ಆಗ ಅವನು ಏನು ಹೇಳಿದ ಎಂದು ನೀವು ಕೇಳುತ್ತಲೇ ಇದ್ದೀರಿ. ಏನೂ ಇಲ್ಲ ಎಂದು ನಾನು ಹೇಳುತ್ತಲೇ ಇದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ಅಣ್ಣ ಅಲ್ಲೇ ಎಲ್ಲೋ ಓಡಾಡಿಕೊಂಡಿರುತ್ತಾನೆ, ನಿಮ್ಮ ಮುಖ ನೋಡಿದರೆ ಅವನಿಗೆ ಎಲ್ಲವೂ ತಿಳಿದುಬಿಡುತ್ತದೆ. ಅದಕ್ಕೇ ನಿಮ್ಮ ಕೆಲಸದ ವಿಳಾಸಕ್ಕೆ ಬರೆಯುತ್ತಿದ್ದೇನೆ. ಆದರೆ ಅವನ ಮಾತುಗಳನ್ನಷ್ಟೇ ಬರೆದರೆ ಅರ್ಧ ಹೇಳಿದಂತಾಗುತ್ತದೆ. ಮಂಚದ ಮೇಲಿದ್ದವಳಿಗೆ ಏನು ಕಂಡಿತು, ಏನು ಕೇಳಿಸಿತು ಎನ್ನುವುದು ನಿಮಗೂ ಗೊತ್ತಿಲ್ಲ. ಮೊದಲಿನಿಂದ ಹೇಳುತ್ತೇನೆ. ಗೊತ್ತಿರುವ ಸಂಗತಿ ಬಂದರೆ ಬೇಸರಪಡದೆ ಓದಿ.

ಕನ್ನಡಕದ ಅಂಗಡಿಯ ಕೆಲಸವೆಂದರೆ ದಿನವಿಡೀ ಬೇರೆಯವರ ಮುಖಕ್ಕೆ ಮುಖ ಕೊಟ್ಟು ಕೂರುವ ಕೆಲಸ. ಕಣ್ಣಿನ ಎರಡು ಪಾಪೆಗಳ ನಡುವಿನ ಅಂತರ ಅಳೆಯಬೇಕು. ಮೂಗಿನ ಮೇಲೆ ಫ್ರೇಮು ಜಾರದೆ ಕೂರುತ್ತದೆಯೇ ನೋಡಬೇಕು. ಕಡ್ಡಿಯನ್ನು ಬಿಸಿ ಮಾಡಿ ಕಿವಿಯ ಹಿಂದಿನ ತಿರುವಿಗೆ ಬಗ್ಗಿಸಬೇಕು. ಅಷ್ಟು ಹತ್ತಿರದಿಂದ ನಾನು ಅವರನ್ನು ನೋಡುವಾಗ ಅವರೂ ನನ್ನನ್ನು ನೋಡುತ್ತಾರೆ. ಉದ್ದ ಕೂದಲು, ಕಿವಿಯ ಓಲೆ ನೋಡಿ ‘ಮೇಡಂ’ ಎಂದು ಶುರು ಮಾಡಿದವರು ನನ್ನ ಹುಬ್ಬಿನ ಮೇಲಿನ ಮೂಳೆಯ ದಿಂಡು, ಚೌಕ ದವಡೆ, ಗಂಟಲಿನ ಉಬ್ಬು ಕಂಡ ಕೂಡಲೇ ಮಾತು ನುಂಗಿಕೊಳ್ಳುತ್ತಿದ್ದರು. ಕೆಲವರು ‘ಸಾರ್’ ಎಂದು ತಿದ್ದಿಕೊಳ್ಳುತ್ತಿದ್ದರು. ಯಾವ ಗೊಡವೆಯೂ ಬೇಡವೆಂದು ‘ನೋಡಿ ಇವ್ರೇ’ ಎನ್ನುವವರೂ ಇದ್ದರು. ಹೆಂಗಸಾಗಿ ಬದುಕಲು ಶುರು ಮಾಡಿ ವರ್ಷಗಳೇ ಆಗಿದ್ದರೂ, ಬೆಳಿಗ್ಗೆ ಹಲ್ಲುಜ್ಜುವಾಗ ಕನ್ನಡಿಯಲ್ಲಿ ನನಗಿಂತ ಮುಂಚೆ ಬೇರೆ ಯಾರೋ ಬಂದು ನಿಂತಿರುತ್ತಿದ್ದರು. ಬಿಸಿಲು ಕಾಲದಲ್ಲೂ ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡೇ ಹೊರಗೆ ಹೋಗುತ್ತಿದ್ದೆ.

ಮುಖದ ಆಪರೇಷನ್ ಮಾಡಿಸಿಕೊಳ್ಳಬೇಕೆಂದು ಹೋದಾಗ ಡಾಕ್ಟರಮ್ಮ ಏನನ್ನೂ ಮುಚ್ಚಿಡಲಿಲ್ಲ. ಹಣೆಯ ಮೂಳೆಯನ್ನು ತೇಯ್ದು ತೆಳು ಮಾಡುತ್ತೇವೆ, ದವಡೆಯ ಮೂಲೆಗಳನ್ನು ಕತ್ತರಿಸುತ್ತೇವೆ, ಗಂಟಲಿನ ಉಬ್ಬನ್ನು ಹೆರೆಯುತ್ತೇವೆ ಎಂದರು. ಕೆಳತುಟಿ ಮರಗಟ್ಟಬಹುದು, ದನಿ ಒಡೆಯಬಹುದು, ಅಪರೂಪಕ್ಕೆ ಕತ್ತಿನೊಳಗೆ ರಕ್ತ ಕಟ್ಟಬಹುದು ಎಂದೂ ಹೇಳಿದರು. ಎಲ್ಲದಕ್ಕೂ ತಲೆಯಾಡಿಸಿದೆ. ಜೊತೆಯಲ್ಲಿ ಮನೆಯವರು ಯಾರು ಇರುತ್ತಾರೆ ಎಂದು ಕೇಳಿದಾಗ ಮಾತ್ರ ತಲೆ ಆಡಲಿಲ್ಲ.

ಅಣ್ಣನನ್ನು ಕೇಳುವಂತಿರಲಿಲ್ಲ. ನಾನು ಹೆಣ್ಣು ಎಂದು ಅವನ ಮುಂದೆ ಹೇಳಿಕೊಂಡ ದಿನ “ನಂಗೊಬ್ಬ ತಮ್ಮ ಇದ್ದ” ಎಂದು, ಎದುರಿಗೇ ನಿಂತಿದ್ದ ನನಗೇ ಹೇಳಿ, ಬಾಗಿಲು ಹಾಕಿಕೊಂಡವನು ಅವನು. ಹಾಗಾಗಿ ನಿಮಗೆ ಫೋನ್ ಮಾಡಿದೆ. ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಮೈಕಿನ ಮುಂದೆ ಕೂತಿದ್ದಿರಿ. ನಾನು ಅರ್ಧ ಹೇಳುವಷ್ಟರಲ್ಲಿ ‘ಒಂದ್ನಿಮಿಷ’ ಎಂದು ಯಾವುದೋ ಬಸ್ಸನ್ನು ಯಾವುದೋ ಅಂಕಣಕ್ಕೆ ಕರೆದು, ಮತ್ತೆ ನನ್ನ ಕಡೆ ಬಂದು, ಬರುತ್ತೇನೆ ಎಂದಿರಿ. ಅಣ್ಣನಿಗೆ ಹೇಳಬೇಡಿ, ಯಾರೋ ಗೆಳತಿಯ ಮನೆಗೆ ಹೋಗುವುದಾಗಿ ಹೇಳಿ ಎಂದು ಗೋಗರೆದೆ. “ಕದ್ದು ಬರೋದೆಲ್ಲ ನನ್ನ ಕೈಲಾಗಲ್ಲ. ಹೇಳೇ ಬರ್ತೀನಿ” ಎಂದು ಫೋನಿಟ್ಟಿರಿ.

ಬಂದಿರಿ ಕೂಡ. ನಾಲ್ಕು ದಿನದ ವಾಸಕ್ಕೆ ಅಷ್ಟು ದೊಡ್ಡ ಸೂಟ್‌ಕೇಸು ಯಾಕೆ ಎಂದು ನಾನು ನಕ್ಕೆ. ಅಣ್ಣ ಏನಂದ ಎಂದು ಕೇಳಿದ್ದಕ್ಕೆ, ಹುಷಾರಾಗಿ ಹೋಗಿ ಬಾ ಅಂದರು ಎಂದು ಚೀಲದ ಜಿಪ್ಪು ಎಳೆಯುತ್ತಾ ಹೇಳಿದಿರಿ. ನಾನು ನಂಬಿದೆ. ನಂಬಿಕೊಂಡರೆ ನನಗೂ ಹಿತವಾಗಿತ್ತು.

ಭರ್ತಿಯ ಕೌಂಟರಿನಲ್ಲಿದ್ದವನು ತಲೆ ಎತ್ತದೆ, ಪೇಷೆಂಟಿಗೆ ನೀವೇನಾಗಬೇಕು ಎಂದು ಕೇಳಿದ. ಇದನ್ನು ಹೇಗೆ ಹೇಳಬೇಕೆಂದು ನಾವಿಬ್ಬರೂ ಮಾತಾಡಿಕೊಂಡಿರಲಿಲ್ಲ. ಮದುವೆಯಾಗಿ ಬಂದ ದಿನದಿಂದ ನಾನು ನಿಮ್ಮ ಬಾಯಲ್ಲಿ ಮೈದುನ. ನೀವು ಕೈಚೀಲದಲ್ಲಿ ಪೆನ್ನು ಹುಡುಕುತ್ತಲೇ, “ಇವಳು ನನ್ನ ನಾದಿನಿ” ಎಂದಿರಿ. ಅವನು ಬರೆದುಕೊಂಡ. ನಿಮಗೆ ಪೆನ್ನು ಸಿಗಲಿಲ್ಲ, ಅವನದ್ದನ್ನೇ ಕೇಳಿ ಸಹಿ ಹಾಕಿದಿರಿ. ನಾನು ಗೋಡೆಯ ಕಡೆ ತಿರುಗಿ ನಿಂತಿದ್ದು ಅಲ್ಲಿದ್ದ ಸೂಚನಾ ಫಲಕ ಓದಲಿಕ್ಕಲ್ಲ, ಅತ್ತಿಗೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಎಚ್ಚರವಾದಾಗ ತಲೆ, ಗದ್ದ, ಕತ್ತು ಎಲ್ಲವೂ ಪಟ್ಟಿಯೊಳಗಿದ್ದವು. ಕತ್ತಿನಿಂದ ಹೊರಟ ಸಣ್ಣ ನಳಿಕೆಯೊಂದು ಮಂಚದ ಪಕ್ಕದ ಸೀಸೆಗೆ ಕೆಟ್ಟ ರಕ್ತ ಇಳಿಸುತ್ತಿತ್ತು. ಮರುದಿನ ಬೆಳಿಗ್ಗೆ ಡಾಕ್ಟರಮ್ಮ ಬಂದು ನೋಡಿ ಖುಷಿಯಾಗಿಯೇ ಹೋದರು. ನೀವು ಚಮಚದಲ್ಲಿ ನೀರು ಕುಡಿಸುತ್ತಾ, ಮೊಟ್ಟೆಯ ಥರ ಕಾಣ್ತಿದ್ದೀಯ, ಬೇಯಿಸಿದ್ದು ಎಂದು ರೇಗಿಸುತ್ತಿದ್ದಿರಿ.

ಮಧ್ಯಾಹ್ನ ಕತ್ತಿನ ಪಟ್ಟಿ ಬಿಗಿಯಾದಂತೆ ಅನಿಸಿತು. ಮಲಗಿ ಮಲಗಿ ಹಾಗಾಗಿರಬೇಕು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಉಗುಳು ನುಂಗಲು ಹೋದರೆ ಒಳಗೆ ಇಳಿಯಲಿಲ್ಲ. ನರ್ಸಿಗೆ ಸನ್ನೆ ಮಾಡಿದೆ. ಆ ಹುಡುಗಿಯ ತಲೆಯ ಮೇಲೆ ಇಡೀ ವಾರ್ಡಿನ ಹೊರೆ ಇತ್ತು. ಎರಡನೇ ದಿನ ಊತ ಇರುವುದೇ, ಗಾಬರಿ ಬೇಡ ಎಂದು ದಿಂಬು ಸರಿಮಾಡಿ ಪಕ್ಕದ ಮಂಚಕ್ಕೆ ಹೋದಳು. ನಾನೂ ಅದನ್ನೇ ನಂಬಲು ನೋಡಿದೆ. ಆದರೆ ಒರಗಿಕೊಳ್ಳಲು ಆಗಲಿಲ್ಲ. ಎದ್ದು ಕೂತೆ. ಕೂತರೂ ಸಾಲಲಿಲ್ಲ, ಮುಂದಕ್ಕೆ ಬಾಗಿದೆ. ಉಸಿರು ಒಳಗೆ ಹೋಗುವಾಗ ಸಿಳ್ಳೆಯಂಥ ಒಂದು ಸದ್ದು ಬರತೊಡಗಿತು. ಅದು ನನ್ನದೇ ಎಂದು ತಿಳಿಯಲು ಒಂದು ಕ್ಷಣ ಬೇಕಾಯಿತು.

ನೀವು ಕೂದಲು ಬಾಚಿಕೊಳ್ಳುತ್ತಿದ್ದವರು ಬಾಚಣಿಗೆ ಹಿಡಿದೇ ಹತ್ತಿರ ಬಂದಿರಿ. ನನ್ನ ಕತ್ತನ್ನು ನೋಡಿದಿರಿ. ಎಡಗಡೆ ಮಾತ್ರ ಉಬ್ಬಿ, ಪ್ಲಾಸ್ಟರಿನ ಅಂಚು ಚರ್ಮಕ್ಕೆ ಕಚ್ಚಿಕೊಂಡಿತ್ತಂತೆ. ಬೆಳಿಗ್ಗೆಯಿಂದ ಹನಿಯುತ್ತಿದ್ದ ಸೀಸೆಯಲ್ಲಿ ಒಂದು ಹನಿಯೂ ಬೀಳುತ್ತಿರಲಿಲ್ಲ. “ಉಸಿರು ಸಿಗ್ತಿದ್ಯಾ?” ಎಂದಿರಿ. ಇಲ್ಲ ಎಂದು ಕೈಯಾಡಿಸಿದೆ. ಬಾಚಣಿಗೆಯನ್ನು ನನ್ನ ತೊಡೆಯ ಮೇಲೆ ಹಾಕಿ ಬಾಗಿಲಿಗೆ ಹೋದಿರಿ.

ನೀವು ಕಿರುಚುತ್ತೀರಿ ಅಂದುಕೊಂಡಿದ್ದೆ. ಕಿರುಚಲಿಲ್ಲ. ಬಸ್ಸುಗಳನ್ನು ಕರೆಯುವ ದನಿಯಲ್ಲೇ, ಒಂದಕ್ಷರ ಜಾರದಂತೆ, “ಕತ್ತಿನ ಆಪರೇಷನ್ ಆದ ಪೇಷೆಂಟಿಗೆ ಉಸಿರು ಸಿಗ್ತಾ ಇಲ್ಲ. ಡಾಕ್ಟರು ಈಗಲೇ ಮಹಿಳಾ ವಾರ್ಡಿಗೆ ಬರಬೇಕು” ಎಂದು ಹೇಳಿ, ಮತ್ತೊಮ್ಮೆ ಅದನ್ನೇ ಹೇಳಿದಿರಿ. ಇಡೀ ಪಡಸಾಲೆ ಮಾತು ನಿಲ್ಲಿಸಿತು. ಔಷಧಿಯ ಗಾಡಿಯೊಂದು ಗೋಡೆಗೆ ತಾಗಿದ ಸದ್ದು ಕೇಳಿಸಿತು. ಮೊದಲು ಓಡಿ ಬಂದವಳು ಅದೇ ನರ್ಸು. ಪಟ್ಟಿ ಕಿತ್ತು ನೋಡಿದವಳ ಮುಖ ಬಿಳಿಚಿಕೊಂಡಿತು. ಅವಳೇ ಡಾಕ್ಟರಮ್ಮನನ್ನು ಕರೆತಂದಳು, ಅವಳೇ ಕತ್ತರಿ ತೆಗೆದುಕೊಟ್ಟಳು. ಆಮೇಲೆ ನೀವು ಅವಳ ಮೇಲೆ ರೇಗಿದಿರಂತೆ. ರೇಗಬಾರದಿತ್ತು.

“ಥಿಯೇಟರಿಗೆ ಹೋಗೋಷ್ಟು ಹೊತ್ತಿಲ್ಲ. ಇಲ್ಲೇ ಬಿಚ್ತೀನಿ” ಎಂದರು ಡಾಕ್ಟರಮ್ಮ. ನನ್ನ ಕಣ್ಣ ಮುಂದೆ ಕಪ್ಪು ಚುಕ್ಕೆಗಳು ಹಾರಾಡುತ್ತಿದ್ದವು. ಹೊಲಿಗೆಗಳು ಒಂದೊಂದಾಗಿ ಬಿಟ್ಟುಕೊಳ್ಳುವುದು ಗೊತ್ತಾಯಿತು. ನೋವಿಗಿಂತ ಹೆಚ್ಚಾಗಿ ಎದೆಯ ಮೇಲೆ ಬೆಚ್ಚಗೆ ಏನೋ ಹರಿದದ್ದು ಗೊತ್ತಾಯಿತು. ಅದರ ಹಿಂದೆಯೇ ಒಂದು ಉಸಿರು ಒಳಗೆ ಬಂತು. ಪೂರ್ತಿಯಲ್ಲ, ಅರ್ಧ. ಆ ಅರ್ಧ ಉಸಿರಿನಲ್ಲಿ ನಿಮ್ಮ ಕೈ ಎಲ್ಲಿದೆ ಎಂದು ಹುಡುಕಿದೆ. ನನ್ನ ಕೈಯೊಳಗೇ ಇತ್ತು.

ಮಂಚವನ್ನು ಥಿಯೇಟರಿನ ಕಡೆ ತಳ್ಳುತ್ತಿರುವಾಗ ಯಾರೋ ನಿಮ್ಮ ಮುಂದೆ ಕಾಗದ ಹಿಡಿದರು. ರಕ್ತನಾಳ ಕಟ್ಟಬೇಕು, ಉಸಿರಿನ ನಳಿಕೆ ಬಾಯಿಂದ ಇಳಿಯದಿದ್ದರೆ ಕತ್ತಿನಲ್ಲಿ ತೂತು ಮಾಡಬೇಕಾಗುತ್ತದೆ ಎಂದರು. “ಏನು ಬೇಕೋ ಮಾಡಿ. ಇವಳು ಉಳೀಬೇಕು” ಎಂದಿರಿ. ಅಷ್ಟರಲ್ಲಿ ನಿಮ್ಮ ಫೋನು ಹೊಡೆದುಕೊಂಡಿತು. ಸಹಿ ಹಾಕುತ್ತಲೇ ಭುಜಕ್ಕೂ ಕಿವಿಗೂ ನಡುವೆ ಅದನ್ನು ಸಿಕ್ಕಿಸಿಕೊಂಡು, “ಈಗ ಮಾತಾಡಕ್ಕಾಗಲ್ಲ ರೀ. ಅವಳು ಸಾಯ್ತಿದ್ದಾಳೆ” ಎಂದು ಹೇಳಿ ಇಟ್ಟುಬಿಟ್ಟಿರಿ. ಎಲ್ಲರೂ ನನಗೆ ಏನೂ ಆಗುವುದಿಲ್ಲ ಎಂದು ಹೇಳುತ್ತಿದ್ದಾಗ, ನಾನು ಸಾಯುತ್ತಿದ್ದೇನೆಂದು ನನಗೆ ಗೊತ್ತಾದದ್ದು ನೀವು ಅಣ್ಣನಿಗೆ ಹೇಳಿದ್ದರಿಂದ. ಬೇರೆ ಹೊತ್ತಾಗಿದ್ದರೆ ನಗು ಬರುತ್ತಿತ್ತು. ಆಗ ಬಂದದ್ದು ಬರೀ ಭಯ. ಥಿಯೇಟರಿನ ಬಾಗಿಲು ತಲುಪುವವರೆಗೂ ನಿಮ್ಮ ಮುಖ ಬಿಟ್ಟು ಬೇರೇನನ್ನೂ ನೋಡಲಿಲ್ಲ. ಕೊನೆಗೆ ನೋಡಿದ್ದು ಅದೇ ಆಗಿರಲಿ ಎಂದುಕೊಂಡೆ.

ಬದುಕಿದೆ. ಕತ್ತಿಗೆ ತೂತು ಬೀಳಲಿಲ್ಲ. ಮರುದಿನ ಉಸಿರಿನ ನಳಿಕೆ ತೆಗೆದು, ಕೆಲವು ದಿನ ಒಂದು ಮಾತೂ ಆಡಬಾರದೆಂದು ಹೇಳಿ, ಕೈಗೊಂದು ಸ್ಲೇಟು ಕೊಟ್ಟರು. ಮುಖವೆಲ್ಲ ನೀಲಿಗಟ್ಟಿ, ಕಣ್ಣುಗಳು ಬರೀ ಎರಡು ಸೀಳಾಗಿದ್ದವು. ಆ ಸೀಳಿನಲ್ಲಿ ನೋಡಿದರೆ, ಮಂಚದ ಕಾಲಬುಡದಲ್ಲಿ ಅಣ್ಣ ನಿಂತಿದ್ದ.

ಮುಖ ಊದಿಸಿಕೊಂಡೇ ಬಂದಿದ್ದ ಪುಣ್ಯಾತ್ಮ. ಆದರೆ ಆ ವಿಷಯದಲ್ಲಿ ಅಂದು ನನ್ನನ್ನು ಮೀರಿಸುವಂತಿರಲಿಲ್ಲ. ಬಹಳ ಹೊತ್ತು ನೋಡಿ, “ಇದು ಯಾರು ಅಂತಾನೇ ಗೊತ್ತಾಗ್ತಿಲ್ಲ” ಎಂದ. ನೀವು ಸೂಟ್‌ಕೇಸಿನಿಂದ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡು, “ಊತ ಇಳಿದ್ಮೇಲೆ ಗೊತ್ತಾಗತ್ತೆ. ಅಲ್ಲೀವರೆಗೂ ಕೂತಿರಿ” ಎಂದು ಕಾಲಿನಲ್ಲಿ ಸ್ಟೂಲನ್ನು ಅವನ ಕಡೆ ತಳ್ಳಿ ಹೋದಿರಿ. ನನ್ನ ರಕ್ತ ತಾಗಿದ ಬಟ್ಟೆಯಲ್ಲೇ ನೀವು ಹಿಂದಿನ ದಿನದಿಂದ ಇದ್ದಿರಿ.

ಅವನು ಕೂತ. ನನ್ನನ್ನು ನೋಡಲಿಲ್ಲ, ಡ್ರಿಪ್ಪಿನ ಬಾಟಲಿಯನ್ನು ನೋಡುತ್ತಿದ್ದ. ನನಗೆ ಬಾಯಿಲ್ಲವೆಂದು ತಿಳಿದೇ ಅವನಿಗೆ ಬಾಯಿ ಬಂದಿತೋ ಏನೋ. ನೀವು ಹೊರಟಾಗ ‘ಹೋದ್ರೆ ಅಲ್ಲೇ ಇದ್ದುಬಿಡು’ ಎಂದಿದ್ದನಂತೆ. ಆ ದೊಡ್ಡ ಸೂಟ್‌ಕೇಸು ಯಾಕೆಂದು ನನಗೆ ಆಗ ಅರ್ಥವಾಯಿತು, ಅತ್ತಿಗೆ. ಮನೆಯನ್ನೇ ಪಣಕ್ಕಿಟ್ಟು ಬಂದು, ಬೇಯಿಸಿದ ಮೊಟ್ಟೆ ಎಂದು ನನ್ನನ್ನು ನಗಿಸುತ್ತಿದ್ದಿರಲ್ಲ.

ಮಾತು ಬಾಯಿ ತಪ್ಪಿ ಬಂತು, ಅವಳು ಹೋಗಲಿಕ್ಕಿಲ್ಲ ಅಂದುಕೊಂಡಿದ್ದೆ ಎಂದ. ಮರುದಿನ ಕೆಲಸ ಬಿಟ್ಟು ಬಸ್ ನಿಲ್ದಾಣಕ್ಕೆ ಹೋದನಂತೆ, ನೀವು ಅಲ್ಲೇ ಇರುತ್ತೀರಿ ಎಂಬ ಆಸೆಯಿಂದ. ಮೈಕಿನಲ್ಲಿ ಬೇರೆ ಯಾರದೋ ದನಿ ಬರುತ್ತಿತ್ತಂತೆ. ಆದರೂ ಬೆಂಚಿನ ಮೇಲೆ ಸಾಯಂಕಾಲದವರೆಗೂ ಕೂತಿದ್ದ. ಎಲ್ಲಿಗೆ ಹೋಗಬೇಕು ಎಂದು ಯಾರೋ ವಿಚಾರಿಸಿದರೆ ಹೇಳಲು ತೋಚಲಿಲ್ಲವಂತೆ. ಅದರ ಮರುದಿನ ಮಧ್ಯಾಹ್ನ ಧೈರ್ಯ ಮಾಡಿ ಫೋನ್ ಮಾಡಿದ್ದು. ಅವನ ಮಾತನ್ನು ಹಾಗೇ ಬರೆಯುತ್ತೇನೆ: “ಅವಳು ಸಾಯ್ತಿದ್ದಾಳೆ ಅಂದ್ಲು. ಅವಳು ಅಂದ್ರೆ ಯಾರು ಅಂತ ನಾನು ಕೇಳ್ಲಿಲ್ಲ. ಬಸ್ಸಲ್ಲಿ ಕೂತ್ಮೇಲೆ ಹೊಳೀತು, ಕೇಳ್ದೇನೇ ನಂಗೆ ಗೊತ್ತಾಗಿತ್ತು.”

ನನಗೆ ಸಿಟ್ಟು ಬಂದಿತ್ತು. ಇಷ್ಟು ವರ್ಷ ಬೇಕಾಯಿತೇ, ನಾನು ಸಾಯುವ ಸ್ಥಿತಿಗೆ ಬರಬೇಕಾಯಿತೇ ಎಂದು ಬರೆಯಲು ಬಳಪ ಹಿಡಿದೆ. ಅಷ್ಟರಲ್ಲಿ, ಮನೆಗೆ ಬನ್ನಿ ಎಂದು ನಿಮಗೆ ನಾನೇ ಹೇಳಬೇಕು, ನನ್ನ ಮಾತಾದರೆ ನೀವು ಕೇಳುತ್ತೀರಿ ಎಂದ. ‘ನೀನೇ ಕೇಳು’ ಎಂದು ಬರೆದು ಸ್ಲೇಟು ತಿರುಗಿಸಿದೆ. “ಹೆಂಗೆ ಕೇಳ್ಲಿ?” ಎಂದ. ‘ಬಾಯಲ್ಲಿ’ ಎಂದು ಬರೆದೆ. ಅವನ ತುಟಿಯ ತುದಿ ಒಂದಿಷ್ಟು ಅಲುಗಿತು. ನನಗೂ ನಗು ಬಂದು ಹೊಲಿಗೆ ಎಳೆದು ಪ್ರಾಣ ಹೋದಂತಾಯಿತು. ಅವನು ಗಾಬರಿಯಾಗಿ ಎದ್ದು, ಏನು ಮಾಡಬೇಕೆಂದು ತಿಳಿಯದೆ, ನನ್ನ ಸ್ಲೇಟನ್ನು ತನ್ನ ಅಂಗಿಯ ತೋಳಿನಿಂದ ಒರೆಸಿ ವಾಪಸು ಕೊಟ್ಟ. ಇದನ್ನೆಲ್ಲ ಅವಳಿಗೆ ಹೇಳಬೇಡ ಎಂದ. ಬರೆಯಬೇಡ ಎನ್ನಲಿಲ್ಲ.

ಕ್ಷಮೆ ಅವನು ಕೇಳಲಿಲ್ಲ, ನಾನು ಕೊಡಲೂ ಇಲ್ಲ. ಆ ಬಾಗಿಲು ಮುಚ್ಚಿದ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಆದರೆ ಮುಂದಿನದು ನಿಮ್ಮ ಕಣ್ಣೆದುರಿಗೇ ನಡೆದದ್ದು. ನೀವು ಒದ್ದೆ ಕೂದಲಲ್ಲಿ ಬಂದು ನಿಂತಿರಿ. ಅವನು ಗಂಟಲು ಸರಿಮಾಡಿಕೊಂಡು, ಮನೇಲಿ ಹಾಲು ಒಡೆದುಹೋಗಿದೆ ಎಂದ. ಅಷ್ಟೇ ಅವನ ಕೈಲಾದದ್ದು. ನೀವು ಅದರ ಅರ್ಥ ಕೇಳಲಿಲ್ಲ. “ಬರ್ತೀನಿ. ಇವಳನ್ನೂ ಕರ್ಕೊಂಡು ಬರ್ತೀನಿ. ವಾಸಿಯಾಗೋವರೆಗೂ ಅಲ್ಲೇ ಇರ್ತಾಳೆ” ಎಂದಿರಿ.

ಅವನು ಆಗ ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿದ. ನೀವು ಟವೆಲ್ ಹಿಂಡುವುದನ್ನು ನಿಲ್ಲಿಸಿದ್ದಿರಿ. ನಾನು ಉಸಿರು ಹಿಡಿದಿದ್ದೆ. ಹಿಂದಿನ ದಿನವಷ್ಟೇ ಆ ಉಸಿರಿಗಾಗಿ ಅಷ್ಟು ಒದ್ದಾಡಿದವಳು ಅದನ್ನು ಬೇಕೆಂದೇ ಹಿಡಿದು ಕೂತಿದ್ದೆ.

“ಮೇಲಿನ ರೂಮಿನ ಫ್ಯಾನು ಸದ್ದು ಮಾಡತ್ತೆ” ಎಂದ. “ನಾನು ಮುಂಚೆ ಹೋಗಿ ರಿಪೇರಿ ಮಾಡ್ಸಿರ್ತೀನಿ.”

ಅವನು ಹೇಳಿದ್ದು ಇಷ್ಟು, ಅತ್ತಿಗೆ. ಓದಿದಿರೆಂದು ತೋರಿಸಿಕೊಳ್ಳಬೇಡಿ. ಇಬ್ಬರೂ ಹೀಗೇ ಜಗಳವಾಡಿಕೊಂಡು ನೂರು ಕಾಲ ಬಾಳಿ.

ಇತಿ,
ನಿಮ್ಮ ಮನೆಯ ಮಗಳು