ಹೊಂಬಣ್ಣದ ಲೇಬಲ್

ಹ್ಯೂಸ್ಟನ್
ಸೋಮವಾರ, ೧೪ ಅಕ್ಟೋಬರ್ ೨೦೨೪

ನನ್ನ ಮುದ್ದು ಸುಪ್ಪಿಗೆ,

ನಿನ್ನ ಅಕ್ಕ ಕ್ಷೇಮವಾಗಿ ಮನೆ ತಲುಪಿದ್ದಾಳೆ. ಕ್ಷೇಮ ಅಂದದ್ದು ಬಾಯಿಮಾತಿಗೆ. ಶನಿವಾರದಿಂದ ಒಂದು ಮಾತು ಒಳಗೇ ಇಟ್ಟುಕೊಂಡಿದ್ದೇನೆ. ಅಲ್ಲೇ ಹೇಳೋಣವೆಂದರೆ ಸಿಯಾ ಪಕ್ಕದಿಂದ ಕದಲಲಿಲ್ಲ. ಫೋನಿನಲ್ಲಿ ಹೇಳಿದರೆ ನೀನು ನಕ್ಕು ಮಾತು ಹಾರಿಸುತ್ತೀಯ, ವಾಟ್ಸಾಪ್ ಮಾಡಿದರೆ ಅವಳೇ ಎತ್ತಿ ಇಂಗ್ಲಿಷಿಗೆ ತಿರುಗಿಸಿ ನೋಡುತ್ತಾಳೆ. ಹತ್ತು ವರ್ಷವಾದರೂ ಮಗಳಿಗೆ ಕನ್ನಡ ಓದಲು ಕಲಿಸಲಿಲ್ಲವಲ್ಲೇ ಅಂತ ನಿನ್ನನ್ನು ಎಷ್ಟು ಬೈದಿದ್ದೆ! ಇವತ್ತು ಅದೇ ಒಳ್ಳೆಯದಾಯಿತು. ಈ ಕಾಗದ ಕೊರಿಯರ್ ಮಾಡುತ್ತಿದ್ದೇನೆ, ನಾಳೆಯೇ ನಿಮ್ಮ ಊರು ಕಾಪೆಲ್‌ಗೆ ಬರುತ್ತದೆ. ಒಬ್ಬಳೇ ಕೂತು ಓದು.

ಶನಿವಾರ ಸಂಜೆ ಸಿಯಾಳ ಈಜು ಕ್ಲಾಸಿಗೆಂದು ಪಕ್ಕದೂರು ಲೂಯಿಸ್‌ವಿಲ್‌ಗೆ ನೀನು ಡ್ರೈವ್ ಮಾಡಿದೆ, ನಾನು ಹಿಂದೆ ಕೂತಿದ್ದೆ. ಹೈವೇಯಲ್ಲಿ ಕಾರು ಗೆರೆ ದಾಟಿ ಟ್ರಕ್ಕಿನ ಮಗ್ಗುಲಿಗೇ ಸರಿಯಿತು. ಟ್ರಕ್ಕಿನವನು ಹಾರ್ನ್ ಒತ್ತಿದ ಮೇಲೆ ನೀನು ಸ್ಟೇರಿಂಗ್ ಎಳೆದೆ. ಏನಕ್ಕಾ, ಇಷ್ಟಕ್ಕೇ ಹೆದರ್ತೀಯಾ ಅಂತ ನಕ್ಕೆ. ಹೌದು ಕಣೇ, ಹೆದರಿದೆ. ಕಣ್ಣು ಮುಚ್ಚಿದರೆ ಈಗಲೂ ಆ ಚಕ್ರಗಳೇ ಕಾಣುತ್ತವೆ. ಸಿಯಾ ಕಿರುಚಲೇ ಇಲ್ಲ. ಸೀಟ್ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದು, ಅಭ್ಯಾಸವಾದವಳ ಹಾಗೆ ಕೂತಿದ್ದಳು. ನನಗೆ ಟ್ರಕ್ಕಿಗಿಂತ ಅದೇ ಹೆಚ್ಚು ಭಯವಾಯಿತು.

ಭಾನುವಾರ ಬೆಳಿಗ್ಗೆ ನಿನ್ನ ಅಡುಗೆಮನೆಯಲ್ಲಿ ಇಂಗು ಹುಡುಕುವಾಗ ಎಣ್ಣೆ ಬಾಟಲಿಗಳ ಹಿಂದೆ ಮಾರ್ಸಾಲಾ ಕಂಡಿತು. ಇಟಲಿಯ ಸಿಸಿಲಿ ದ್ವೀಪದ ವೈನು, ಮೇಲಿಂದ ಮದ್ಯಸಾರ ಬೆರೆಸಿ ಬಲ ಹೆಚ್ಚಿಸಿದ್ದು. ಅಣಬೆ ಪಾಸ್ತಾಗೆ ಹಾಕ್ತೀನಕ್ಕ, ಇಲ್ಲಿ ಎಲ್ಲರೂ ಹಾಕ್ತಾರೆ ಅಂದೆ. ನಿನ್ನ ಅಕ್ಕನ ಹೊಟ್ಟೆಪಾಡೇ ಅದು ಅನ್ನುವುದು ಮರೆತೇ ಹೋಯಿತೇನೇ? ವೈನ್ ತರಿಸುವ ಕಂಪನಿಯಲ್ಲಿ ಲೇಬಲ್ ಸರಿಯಿದೆಯೇ ಎಂದು ನೋಡಿ ಸಹಿ ಹಾಕುವವಳು ನಾನು. ಒಂದು ತೊಟ್ಟೂ ಕುಡಿಯದ ತಿಳಿಸಾರಿನ ಹೆಂಗಸಿಗೆ ಎಂಥ ಕೆಲಸ ಅಂತ ನಿನ್ನ ಗಂಡ ಅನೂಪ್ ರೇಗಿಸುತ್ತಲೇ ಇರುತ್ತಾನಲ್ಲ.

ಆ ಲೇಬಲ್ ಮೇಲೆ ‘ಓರೋ’ ಅಂತಿತ್ತು. ಅಂದರೆ ಹೊಂಬಣ್ಣ. ‘ಸೆಕ್ಕೋ’ ಅಂತಲೂ ಇತ್ತು, ಅಂದರೆ ಸಿಹಿ ಕಡಿಮೆ. ಕಾಯಿಸಿದ ದ್ರಾಕ್ಷಿರಸ ಬೆರೆಸಿ ಕಂದು ಮಾಡಿದ್ದಕ್ಕೆ ‘ಆಂಬ್ರಾ’ ಅಂತ ಬರೆಯಬೇಕು. ಹೊಂಬಣ್ಣದ್ದಕ್ಕೆ ಆ ರಸ ಬೆರೆಸುವ ಹಾಗೇ ಇಲ್ಲ. ನಿನ್ನ ಬಾಟಲಿಯೊಳಗೆ ಇದ್ದದ್ದು ಬೆಲ್ಲದ ಪಾಕದಂಥ ಕಂದು. ನೀನು ಸ್ನಾನಕ್ಕೆ ಹೋದಾಗ ಲೋಟಕ್ಕೆ ಒಂದು ಚೂರು ಬಗ್ಗಿಸಿ ನಾಲಿಗೆಗಿಟ್ಟೆ, ಜೀವಮಾನದಲ್ಲಿ ಮೊದಲ ಸಲ. ಅಯ್ಯೋ ಸುಪ್ಪಿ, ಅದು ಸಕ್ಕರೆ ಹಾಕಿದ ಟೀ!

ಬಾಟಲಿಯನ್ನು ಇದ್ದಲ್ಲೇ ಇಟ್ಟೆ. ಹುಡುಕಿದೆ, ಏನು ಮಾಡಲಿ. ವಾಷಿಂಗ್ ಮಷೀನ್ ಹಿಂದೆ ಇನ್ನೆರಡು ಸಿಕ್ಕವು, ಒಂದು ಖಾಲಿ, ಇನ್ನೊಂದು ಅರ್ಧ. ಎರಡೂ ‘ವೆರ್ಜಿನೆ’. ಕಡಿಮೆ ಅಂದರೂ ಐದು ವರ್ಷ ಮರದ ಪೀಪಾಯಿಯಲ್ಲಿ ಮಾಗಿದ್ದು. ಅಡುಗೆಗೆ ವರ್ಷವೊಂದು ಮಾಗಿಸಿದ ‘ಫೀನೆ’ ಧಾರಾಳ ಸಾಕು. ವೆರ್ಜಿನೆಯನ್ನು ಅಣಬೆಗೆ ಸುರಿಯುವ ಹುಚ್ಚರು ಯಾರೂ ಇಲ್ಲ ತಾಯಿ, ಅದನ್ನು ಕುಡಿಯುತ್ತಾರೆ.

ಅಡುಗೆಮನೆಯದು ಟೀ ಆದದ್ದು ನಿನಗೂ ಗೊತ್ತಿರಬೇಕು, ಅದಕ್ಕೇ ಬಚ್ಚಿಡುವ ಜಾಗ ಬದಲಾಗಿದೆ. ಅನೂಪನ ಕೆಲಸ ಅಂದುಕೊಂಡು ಹಲ್ಲು ಕಡಿಯುತ್ತಿದ್ದರೆ ಬಿಟ್ಟುಬಿಡು. ಅವನಲ್ಲ.

ಅವನು ಆಸ್ಟಿನ್‌ಗೆ ಶಿಫ್ಟ್ ಆದ ಮೇಲೆ ವಾರವೆಲ್ಲ ನೀನೊಬ್ಬಳೇ ಒದ್ದಾಡುತ್ತೀಯ, ಈ ಸಲ ವಾರದ ಕೊನೆಗೂ ಅವನು ಬರಲಿಲ್ಲ, ಗೊತ್ತು. ಯಾಕೆ ಶುರುವಾಯಿತು ಅಂತ ಈಗ ಕೇಳುವುದಿಲ್ಲ. ಇಬ್ಬರೂ ಕೂತು ಆಮೇಲೆ ಅಳೋಣ. ಈಗ ಕಾರಿನ ಕೀ ಕೆಳಗಿಡು. ಕೈಮುಗಿಯುತ್ತೇನೆ. ಮಗು ಅದರಲ್ಲಿ ಕೂತಿರುತ್ತದೆ ಕಣೇ! ನಿನಗೆ ಬೆನ್ನು ಹಿಡಿದುಕೊಂಡಿದೆ ಅಂತ ಸಿಯಾಳ ಗೆಳತಿ ನಿಧಿಯ ಅಮ್ಮನಿಗೆ ಸುಳ್ಳು ಹೇಳಿ ಬಂದಿದ್ದೇನೆ. ಈ ವಾರ ಸ್ಕೂಲಿಗೂ ಈಜಿಗೂ ಅವರೇ ಸಿಯಾಳನ್ನು ಕರೆದೊಯ್ಯುತ್ತಾರೆ. ಅಧಿಕಪ್ರಸಂಗ ಅಂತ ಬೈದುಕೋ, ಪರವಾಗಿಲ್ಲ. ಶುಕ್ರವಾರ ಅನೂಪ್ ಬಂದಾಗ ನೀನೇ ಹೇಳು. ಇಲ್ಲದಿದ್ದರೆ ಶನಿವಾರ ನಾನು ಹೇಳುತ್ತೇನೆ. ಡಾಕ್ಟರ ಹತ್ತಿರ ಜೊತೆಗೆ ಬರಲು ರಜೆ ಕೇಳಿದ್ದೇನೆ.

ಬೈದದ್ದು ಹೊಟ್ಟೆಗೆ ಹಾಕಿಕೋ. ನಿನ್ನ ಮೇಲೆ ಕೋಪವಿಲ್ಲ, ಬರೀ ಭಯ.

ನಿನ್ನವಳೇ ಆದ,
ವಸುಧಕ್ಕ

ತಾ.ಕ.: ಇದು ಮೇಲೆ ಬರೆಯಲು ಮರೆತದ್ದಲ್ಲ, ಬಚ್ಚಿಟ್ಟದ್ದು. ಯಾರಿಗೂ ಹೇಳುವುದಿಲ್ಲ ಅಂತ ಸಿಯಾಗೆ ಮಾತು ಕೊಟ್ಟಿದ್ದೆ, ಮುರಿಯುತ್ತಿದ್ದೇನೆ. ಭಾನುವಾರ ದೋಸೆಯ ನೆಪ ಹೇಳಿ ಅವಳನ್ನು ನನ್ನ ಕಾರಿನಲ್ಲಿ ಕರೆದೊಯ್ದೆನಲ್ಲ, ಆಗ ಹೇಳಿದಳು. ಸಂಜೆ ಅಮ್ಮ ಡ್ರೈವ್ ಮಾಡುವ ದಿನ ಬಾಟಲಿಯದನ್ನು ಸಿಂಕಿಗೆ ಸುರಿದು ಟೀ ತುಂಬಿಸುತ್ತಿದ್ದಳಂತೆ. ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿ, ಕೊನೆಗೆ ಕನ್ನಡದಲ್ಲಿ ಕೇಳಿದಳು. ದೊಡ್ಡಮ್ಮ, ನಿಮ್ಮ ಜಾಬ್ ಅದೇ ಅಲ್ವಾ, ಕಲರ್ ಕರೆಕ್ಟಾಗಿ ಬಂದಿತ್ತಾ ಅಂತ. ತಪ್ಪು ಲೇಬಲ್‌ಗೆ ಒಂದು ದಿನವೂ ಸಹಿ ಹಾಕದ ನಾನು, ಕರೆಕ್ಟಾಗಿತ್ತು ಪುಟ್ಟಾ ಅಂದೆ.