ನಿಂತರೆ ಆರುವ ದೀಪ, ಮೇಲೇಳದ ಬಲಗೈ

ಮಾನ್ಯ ರಸ್ತೆ ಸುರಕ್ಷತಾ ಆಯುಕ್ತರೇ,

ಕಳೆದ ಭಾನುವಾರ ನಿಮ್ಮ ಇಲಾಖೆ ನನ್ನ ಅಕ್ಕನನ್ನು ಫೇಲು ಮಾಡಿತು. ಅರವತ್ತರ ಹೊಸ್ತಿಲಲ್ಲಿರುವ ಹೆಂಗಸೊಬ್ಬಳು ಫೇಲಾಗುವುದು ಯಾವ ಮಹಾ ಸುದ್ದಿ ಎಂದು ನೀವು ಕೇಳಬಹುದು. ಅವಳು ಹಿಂದೆ ಗಣಿತದಲ್ಲಿಯೂ ಫೇಲಾಗಿದ್ದಾಳೆ. ಆಗ ನಾವು ಯಾರಿಗೂ ಬಹಿರಂಗ ಪತ್ರ ಬರೆಯಲಿಲ್ಲ, ಏಕೆಂದರೆ ಅವಳಿಗೆ ನಿಜವಾಗಿಯೂ ಗಣಿತ ಬರುತ್ತಿರಲಿಲ್ಲ. ಆದರೆ ಈ ಸಲ ಅವಳು ಫೇಲಾದದ್ದು ಸೈಕಲ್ ಸವಾರಿಯಲ್ಲಿ. ನಿಮ್ಮ ಪರೀಕ್ಷಕರು ಕೊಟ್ಟ ಕಾರಣ: ‘ಅಭ್ಯರ್ಥಿಯು ಬಲಕ್ಕೆ ತಿರುಗುವ ಮುನ್ನ ಬಲಗೈಯನ್ನು ಭುಜದ ಮಟ್ಟಕ್ಕೆ ಚಾಚಲಿಲ್ಲ.’ ಚಾಚಲಿಲ್ಲ ಅಲ್ಲ ಸ್ವಾಮೀ, ಚಾಚಲಾಗಲಿಲ್ಲ. ಆ ಎರಡು ಪದಗಳ ನಡುವೆ ಒಂದು ಕಾರು ಇದೆ.

ಸೈಕಲ್ ಸವಾರರೆಲ್ಲರಿಗೂ ತರಬೇತಿ, ವಿಮೆ ಮತ್ತು ದೀಪ ಕಡ್ಡಾಯವೆನ್ನುವ ನಿಮ್ಮ ಕರಡು ನಿಯಮವನ್ನು ನಾನು ಓದಿದೆ. ಇಂಥದ್ದನ್ನು ಪೂರ್ತಿ ಓದುವವರು ನಿಮ್ಮ ಕಚೇರಿಯಲ್ಲೂ ಇದ್ದಾರೋ ಇಲ್ಲವೋ, ಇರಲಿ. ಕೊನೆಯ ಪುಟದಲ್ಲಿ ‘ಸಾರ್ವಜನಿಕರು ತಮ್ಮ ಅಭಿಪ್ರಾಯ ತಿಳಿಸಬಹುದು’ ಎಂದಿದೆ. ಹಾಗೆ ಬಾಯಿಬಿಟ್ಟು ಕೇಳಬಾರದಿತ್ತು. ಕೇಳಿದ್ದೀರಿ, ಈಗ ಅನುಭವಿಸಿ.

ಮೊದಲು ನಾವು ಯಾರೆಂದು ಹೇಳಿಬಿಡುತ್ತೇನೆ. ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಅರೆಯುವವನು. ಅಕ್ಕ ಎರಡು ಬೀದಿ ಆಚೆಯ ಅಂಗಡಿಯಲ್ಲಿ ಕಿಟಕಿ ಪರದೆ ಹೊಲಿಯುವವಳು. ಜನರಿಗೆ ಕಾಣಿಸುವಂತೆ ಮಾಡುವುದು ನನ್ನ ಕಸುಬು, ಕಾಣಿಸದಂತೆ ಮಾಡುವುದು ಅವಳದು. ಊರಿನಲ್ಲಿ ಎರಡಕ್ಕೂ ಗಿರಾಕಿಗಳಿದ್ದಾರೆ. ಅವಳಿಗೆ ಯಾವ ಗಂಡೂ ಒಪ್ಪಿಗೆಯಾಗಲಿಲ್ಲ, ನನ್ನನ್ನು ಯಾವ ಹೆಣ್ಣೂ ಒಪ್ಪಲಿಲ್ಲ, ಇಬ್ಬರನ್ನೂ ಸೈಕಲ್ ಒಪ್ಪಿತು. ಹೀಗಾಗಿ ಮಹಡಿಯ ಮೇಲಿನ ಎರಡು ಕೋಣೆ, ಮೆಟ್ಟಿಲ ಕೆಳಗಿನ ಎರಡು ಸೈಕಲ್, ಇಷ್ಟೇ ನಮ್ಮ ಸಂಸಾರ.

ದಿನಾ ಕೆಲಸಕ್ಕೆ ಹೋಗುವಾಗ ಅವಳು ಮುಂದೆ, ನಾನು ಹಿಂದೆ. ಅಕ್ಕನಲ್ಲವೇ, ಹುಟ್ಟಿದ್ದೂ ಮುಂದೆಯೇ. ದಾರಿಯುದ್ದಕ್ಕೂ ತಿರುಗಿ ನೋಡದೆ ಮಾತಾಡುತ್ತಿದ್ದಳು. ಅರ್ಧ ಮಾತು ನನ್ನ ಕಿವಿಗೆ, ಇನ್ನರ್ಧ ಗಾಳಿಗೆ. ಬಿದ್ದದ್ದಕ್ಕೂ ಬೀಳದ್ದಕ್ಕೂ ಸೇರಿಸಿ ನಾನು ‘ಹೂಂ’ ಅನ್ನುತ್ತಿದ್ದೆ.

“ಏನಕ್ಕೆ ಹೂಂ ಅಂದೆ?”

“ನೀನು ಹೇಳಿದ್ದಕ್ಕೆ.”

“ನೀನೊಂದು ಕತ್ತೆ ಅಂದೆ ಕಣೋ.”

“ಹಾಗಾದ್ರೆ ಸರಿಯಾಗೇ ಹೂಂ ಅಂದಿದೀನಲ್ಲ.”

ಎಡ, ಬಲ ಎಂಬ ಪದಗಳು ನಮ್ಮಿಬ್ಬರಿಗೂ ಆತುರದಲ್ಲಿ ಒದಗುವುದಿಲ್ಲ. ಅದು ಮನೆತನದ ದೋಷ. ಆದ್ದರಿಂದ ತಿರುವು ಬಂದಾಗ ಅವಳು ‘ವಾಚಿನ ಕಡೆ!’ ಅಥವಾ ‘ಖಾಲಿ ಕಡೆ!’ ಎಂದು ಕೂಗುವಳು. ಇಲ್ಲೊಂದು ತೊಡಕಿದೆ. ಅಕ್ಕ ವಾಚು ಕಟ್ಟುವುದು ಬಲಗೈಗೆ, ನಾನು ಎಡಗೈಗೆ. ಆದರೂ ಎಂದೂ ಎಡವಟ್ಟಾಗಲಿಲ್ಲ, ಏಕೆಂದರೆ ಅವಳು ಹೋದ ಕಡೆ ಹೋಗುವವನಿಗೆ ಅವಳ ವಾಚೇ ಪ್ರಮಾಣ.

ಹೋದ ವರ್ಷ ಒಂದು ಮುಸ್ಸಂಜೆ ನನ್ನ ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅಕ್ಕ ಒಬ್ಬಳೇ ಮನೆಗೆ ಹೊರಟಳು. ಅವಳ ಸೈಕಲ್ಲಿಗೆ ದೀಪವಿತ್ತು ಎಂಬುದನ್ನು ದಯವಿಟ್ಟು ಕಡತದಲ್ಲಿ ದಾಖಲಿಸಿಕೊಳ್ಳಿ. ಮುಂದೆ ಬಿಳಿ, ಹಿಂದೆ ಕೆಂಪು, ಎರಡೂ ಡೈನಮೊ ದೀಪಗಳು. ಚಕ್ರ ತಿರುಗಿದರೆ ಉರಿಯುತ್ತವೆ, ಚಕ್ರ ನಿಂತರೆ ಆರುತ್ತವೆ. ದೊಡ್ಡ ಚೌಕದಲ್ಲಿ ಸಿಗ್ನಲ್ ಕೆಂಪಾಯಿತು. ಕಾನೂನಿಗೆ ತಲೆಬಾಗಿ ಅಕ್ಕ ನಿಂತಳು. ಅವಳು ನಿಂತ ತಕ್ಷಣ ಅವಳ ದೀಪ ಆರಿತು. ಹಿಂದಿನಿಂದ ಕಾರು ಬಂತು. ಸಿಗ್ನಲ್ಲನ್ನು ಧಿಕ್ಕರಿಸಿ ನುಗ್ಗಿದ್ದರೆ ಅವಳ ಹಿಂದೆ ಝಗಮಗ ಬೆಳಕಿರುತ್ತಿತ್ತು, ಭುಜವೂ ನೆಟ್ಟಗಿರುತ್ತಿತ್ತು. ಕಾನೂನು ಪಾಲಿಸಿದವರಿಗೆ ರಸ್ತೆಯಲ್ಲಿ ಸಿಗುವ ಬಹುಮಾನ ಇದು.

ಕಾರಿನವರು ಆಸ್ಪತ್ರೆಗೆ ಬಂದಿದ್ದರು. ಒಳ್ಳೆಯ ಮನುಷ್ಯ. ಅವರ ಬಳಿ ತರಬೇತಿ ಮುಗಿಸಿದ ಪರವಾನಗಿ ಇತ್ತು, ಚಾಲ್ತಿಯಲ್ಲಿರುವ ವಿಮೆ ಇತ್ತು, ಕಾರಿನ ತುಂಬ ದೀಪಗಳಿದ್ದವು. ಅಂದರೆ ಸೈಕಲ್ಲಿನವರ ಬಳಿ ಇರಬೇಕೆಂದು ನೀವು ಈಗ ಪಟ್ಟು ಹಿಡಿದಿರುವ ಮೂರೂ ಇದ್ದವು. ಇಲ್ಲದಿದ್ದದ್ದು ನಾಲ್ಕನೆಯದು.

“ಕಾಣ್ಲೇ ಇಲ್ಲ ಸಾರ್, ನಿಜವಾಗ್ಲೂ ಕಾಣ್ಲೇ ಇಲ್ಲ,” ಎಂದು ನನ್ನ ಕೈ ಹಿಡಿದುಕೊಂಡರು.

ಹಾಸಿಗೆಯಿಂದ ಅಕ್ಕನೇ ಸಮಾಧಾನ ಹೇಳಿದಳು: “ಹೋಗ್ಲಿ ಬಿಡಪ್ಪ. ಇವನು ನನ್ನ ತಮ್ಮ, ಕನ್ನಡಕದ ಅಂಗಡಿಯವನು. ಒಂದ್ಸಲ ಬಾ, ಕಣ್ಣು ನೋಡಿಸ್ಕೋ. ಏನಾದ್ರೂ ಕಡಿಮೆ ಮಾಡ್ಕೊಡ್ತಾನೆ.”

ಆಯುಕ್ತರೇ, ‘ಕಾಣಲಿಲ್ಲ’ ಎಂಬ ಪದವನ್ನು ನಾನು ದಿನವಿಡೀ ಕೇಳುತ್ತೇನೆ. ನಮ್ಮ ಅಂಗಡಿಯಲ್ಲಿ ಯಾರಾದರೂ ಹಾಗೆಂದರೆ ಅವರ ಮೂಗಿನ ಮೇಲೆ ಗಾಜು ಕೂರಿಸಿ ಕಳಿಸುತ್ತೇವೆ. ನಿಮ್ಮ ರಸ್ತೆಯಲ್ಲಿ ಹಾಗೆಂದರೆ ‘ಪಾಪ, ಕಾಣಲಿಲ್ಲವಂತೆ’ ಎಂದು ಮನೆಗೆ ಕಳಿಸುತ್ತೀರಿ. ಕಾಣದ್ದು ನೋಡುವವರ ದೋಷವೋ, ಕಾಣಿಸಿಕೊಳ್ಳದವರ ಅಪರಾಧವೋ? ನಿಮ್ಮ ಕರಡು ಎರಡನೆಯದೇ ಎಂದು ತೀರ್ಮಾನಿಸಿ ಮುಂದಿನ ಕಲಮಿಗೆ ಹೋಗಿಬಿಟ್ಟಿದೆ.

ಹಾಗೆಂದು ನಾನು ದೀಪದ ವಿರೋಧಿ ಎಂದುಕೊಳ್ಳಬೇಡಿ. ಕತ್ತಲಲ್ಲಿ ದೀಪವಿಲ್ಲದೆ ಸೈಕಲ್ ತುಳಿಯುವವರನ್ನು ಕಂಡರೆ (ಕಂಡರೆ!) ನನಗೂ ಮೈ ಉರಿಯುತ್ತದೆ. ದೀಪ ಇರಲೇಬೇಕು. ಆದರೆ ನಿಮ್ಮ ಕರಡು ಹೇಳುವುದು ಏನನ್ನು? ‘ಚಲನೆಯಲ್ಲಿರುವಾಗ ಸ್ಪಷ್ಟವಾಗಿ ಬೆಳಗುವ ದೀಪ.’ ಚಲನೆಯಲ್ಲಿರುವಾಗ! ಅಕ್ಕನ ದೀಪವೂ ಅಕ್ಷರಶಃ ಅಂಥದ್ದೇ ಆಗಿತ್ತು. ನಿಮ್ಮ ನಿಯಮ ಅಂದೇ ಇದ್ದಿದ್ದರೂ ಅವಳು ನೂರಕ್ಕೆ ನೂರು ನಿಯಮಬದ್ಧವಾಗಿ ಕಾರಿನಡಿ ಸಿಕ್ಕುತ್ತಿದ್ದಳು. ಇದನ್ನು ಬರೆದ ಮಹನೀಯರು ಕೊನೆಯ ಸಲ ಸೈಕಲ್ ಮೇಲೆ ಕೂತದ್ದು ಎಂದು? ಮೂರು ಗಾಲಿಯದ್ದು ಲೆಕ್ಕಕ್ಕಿಲ್ಲ.

ವಿಮೆಗೂ ನನ್ನ ಪೂರ್ತಿ ವಿರೋಧವಿಲ್ಲ. ಪಕ್ಕದ ಮನೆಯ ಅಜ್ಜಿಗೆ ಸೈಕಲ್ಲಿನವನೊಬ್ಬ ಗುದ್ದಿ, ಅವರ ಸೊಂಟ ಮುರಿದು, ಹಿಂದೆ ನೋಡದೆ ಪರಾರಿಯಾದ. ನಮ್ಮ ಜಾತಿಯಲ್ಲೂ, ಅಂದರೆ ಎರಡು ಗಾಲಿಯ ಜಾತಿಯಲ್ಲೂ, ಇಂಥ ಪಾಪಿಗಳಿದ್ದಾರೆ. ಆ ಅಜ್ಜಿಯ ಪರವಾಗಿ ವಿಮೆ ಬರಲಿ, ಬೇಡವೆನ್ನಲು ನನಗೆ ಮುಖವಿಲ್ಲ. ಆದರೂ ಏನೆಂದು ತಿಳಿಯೋಣವೆಂದು ವಿಮೆಯ ಏಜೆಂಟರನ್ನು ವಿಚಾರಿಸಿದೆ.

“ನೀವು ಸೈಕಲ್ಲಲ್ಲಿ ಹೋಗಿ ಲಾರಿಗೆ ಗುದ್ದಿದ್ರೆ, ಲಾರಿಗಾದ ನಷ್ಟವನ್ನೆಲ್ಲ ಕಂಪನಿ ನೋಡ್ಕೊಳ್ಳುತ್ತೆ ಸಾರ್, ತಲೆನೇ ಕೆಡಿಸ್ಕೋಬೇಡಿ!”

“ಲಾರಿ ಬಂದು ನನಗೆ ಗುದ್ದಿದ್ರೆ?”

“ಅದನ್ನ ಲಾರಿಯವ್ರನ್ನ ಕೇಳ್ಬೇಕು ಸಾರ್.”

“ಕೇಳೋಕೆ ನಾನು ಇರಬೇಕಲ್ಲಪ್ಪ?”

“ಅದಕ್ಕೆ ಬೇರೆ ಪಾಲಿಸಿ ಇದೆ.”

ಇರುವೆಯಿಂದ ಆನೆಯ ಕಾಲಿಗೆ ನೋವಾದೀತೆಂದು ಇರುವೆಯ ಕೈಯಲ್ಲಿ ಮುಚ್ಚಳಿಕೆ ಬರೆಸಿಕೊಳ್ಳುವ ವ್ಯವಸ್ಥೆಗೆ ನೀವು ‘ರಸ್ತೆ ಸುರಕ್ಷತೆ’ ಎಂದು ಹೆಸರಿಟ್ಟಿದ್ದೀರಿ. ಯಾರ ಸುರಕ್ಷತೆ ಎಂದು ಒಂದು ಪದ ಸೇರಿಸಿದ್ದರೆ ಸ್ಪಷ್ಟವಾಗುತ್ತಿತ್ತು.

ಇನ್ನು ತರಬೇತಿ. ಅಪಘಾತವಾದ ಮೇಲೆ ಅಕ್ಕ ಸೈಕಲ್ ಮುಟ್ಟಿರಲಿಲ್ಲ. ಬಲಗೈ ಹ್ಯಾಂಡಲ್ಲಿನ ತನಕ ಬರುತ್ತದೆ, ಬ್ರೇಕು ಹಿಡಿಯುತ್ತದೆ, ಭುಜದ ಮಟ್ಟಕ್ಕೆ ಮಾತ್ರ ಏಳುವುದಿಲ್ಲ. ಕೈಗಿಂತ ಹೆಚ್ಚು ಮುರಿದದ್ದು ಧೈರ್ಯ. ಪರದೆಗಳನ್ನು ಮನೆಗೇ ತರಿಸಿಕೊಂಡು ಹೊಲಿಯತೊಡಗಿದಳು. ಹೀಗಿರುವಾಗ ನಿಮ್ಮ ಪ್ರಾಯೋಗಿಕ ಶಿಬಿರದ ಪ್ರಕಟಣೆ ಬಂತು: ತರಬೇತಿ, ಪರೀಕ್ಷೆ, ಪಾಸಾದವರಿಗೆ ಅರ್ಹತಾ ಪತ್ರ. ಒಂದು ಬೆಳಿಗ್ಗೆ ಸೂಜಿಗೆ ದಾರ ಪೋಣಿಸುತ್ತಾ ಅವಳು ತಾನಾಗಿಯೇ ಹೇಳಿದಳು: “ನಮ್ಮಿಬ್ಬರ ಹೆಸರೂ ಕೊಟ್ಟು ಬಾರೋ.” ಆಯುಕ್ತರೇ, ಆ ಒಂದು ಮಾತಿಗಾಗಿ ನಿಮ್ಮ ಇಡೀ ಕರಡನ್ನು, ಅದರ ವ್ಯಾಕರಣದೋಷಗಳ ಸಮೇತ, ಕ್ಷಮಿಸಲು ನಾನು ಸಿದ್ಧನಿದ್ದೆ.

ಅವಳು ತಯಾರಿಯಿಲ್ಲದೆ ಬಂದವಳಲ್ಲ. ನಿಂತರೂ ಆರದ ಬ್ಯಾಟರಿ ದೀಪ ಹಾಕಿಸಿದಳು. ಹ್ಯಾಂಡಲ್ಲಿನ ಎರಡು ತುದಿಗೂ ಗುಂಡಿ ಒತ್ತಿದರೆ ಮಿನುಗುವ ಪುಟ್ಟ ದೀಪಗಳು, ತಿರುವಿನಲ್ಲಿ ಕೈಯ ಬದಲಿಗೆ. ಪರೀಕ್ಷೆಗೆಂದು ಮೈದಾನದಲ್ಲಿ ಸುಣ್ಣದ ಗೆರೆ ಎಳೆದು ಮಾಡಿದ ರಸ್ತೆಯ ಮೇಲೆ ಅವಳು ಮುಂದೆ, ಧೈರ್ಯಕ್ಕೆಂದು ನಾನು ಹಿಂದೆ, ಮೊದಲ ಸುತ್ತು ಹೊರಟಾಗ ಅವಳ ಕತ್ತು ಬಿಗಿದಿತ್ತು. ಎರಡನೆಯ ಸುತ್ತಿಗೆ ಸಡಿಲವಾಯಿತು. ಮೂರನೆಯ ಸುತ್ತಿನಲ್ಲಿ ತಿರುಗಿ ನೋಡದೆ ಏನೋ ಅಂದಳು. ಕೇಳಿಸಲಿಲ್ಲ, ‘ಹೂಂ’ ಅಂದೆ. ಅಷ್ಟರಲ್ಲಿ ಬಲತಿರುವು ಬಂತು. ಅಕ್ಕ ಗುಂಡಿ ಒತ್ತಿದಳು, ದೀಪ ಮಿನುಗಿತು.

“ಕೈ! ಕೈ ತೋರ್ಸಿ!” ಎಂದು ಪರೀಕ್ಷಕರು ಅರಚಿದರು.

ಗಾಬರಿಯಲ್ಲಿ ಅವಳು ಕೂಗಿದಳು: “ಲೋ, ವಾಚಿನ ಕಡೆ!”

ಅವಳ ಕೈ ಏಳದಿದ್ದರೆ ನನ್ನದಾದರೂ ಏಳಲಿ ಎಂದು ನಾನು ಹಿಂದಿನಿಂದ ವಾಚಿನ ಕೈಯನ್ನು ಧ್ವಜಸ್ತಂಭದಂತೆ ಚಾಚಿದೆ. ನನ್ನ ವಾಚಿನ ಕೈಯನ್ನು. ಎಡಕ್ಕೆ. ದೀಪ ಬಲಕ್ಕೆ ಮಿನುಗುತ್ತಿದೆ, ತಮ್ಮ ಎಡಕ್ಕೆ ಸೂಚಿಸುತ್ತಿದ್ದಾನೆ, ಅಕ್ಕ ನಟ್ಟನಡುವೆ ನಿಂತುಬಿಟ್ಟಿದ್ದಾಳೆ. ಅಷ್ಟು ವರ್ಷ ಆಗದ ಎಡವಟ್ಟು ಸರ್ಕಾರದ ಸಮ್ಮುಖದಲ್ಲಿ ಆಯಿತು.

ನಾನು ಪರೀಕ್ಷಕರ ಬಳಿ ವಾದಕ್ಕೆ ಹೋದೆ. “ಸಾರ್, ಅವಳ ಕೈ ಏಳಲ್ಲ. ಅದಕ್ಕೇ ದೀಪ ಹಾಕ್ಸಿದಾಳೆ.”

“ನಿಯಮದಲ್ಲಿ ಕೈ ಅಂತಿದೆ.”

“ಕಾರಿನವ್ರು ಕೈ ಹೊರಗೆ ಹಾಕ್ತಾರಾ?”

“ಅವ್ರಿಗೆ ದೀಪ ಇದೆಯಲ್ರೀ.”

“ಇದೂ ದೀಪಾನೇ ಅಲ್ವಾ?”

“ಇದು ಸೈಕಲ್ ಅಲ್ವಾ?”

ಈ ಉತ್ತರದ ಮುಂದೆ ಪ್ರಪಂಚದ ಯಾವ ತರ್ಕಶಾಸ್ತ್ರವೂ ನಿಲ್ಲದು, ನಾನೂ ನಿಲ್ಲಲಿಲ್ಲ. ಆಮೇಲೆ ನನ್ನ ಪರೀಕ್ಷೆಯ ಸರದಿ. ನಾನು ಕೈ ಚಾಚಿದೆನೋ ಕಾಲು ಚಾಚಿದೆನೋ ನನಗೇ ನೆನಪಿಲ್ಲ. ಪರೀಕ್ಷಕರು ಯಾರೊಂದಿಗೋ ಫೋನಿನಲ್ಲಿದ್ದರು, ಬೆನ್ನು ನನ್ನ ಕಡೆಗಿತ್ತು. ಮಾತು ಮುಗಿಸಿ ತಿರುಗಿ ‘ಪಾಸ್’ ಎಂದರು. ಅಂದರೆ ನಿಮ್ಮ ಇಲಾಖೆ ನೋಡಿದವಳು ಫೇಲಾದಳು, ನೋಡದವನು ಪಾಸಾದ.

ಮನೆಗೆ ಸೈಕಲ್ ತಳ್ಳಿಕೊಂಡೇ ಬಂದೆವು. ಕೇಳಿದರೆ, “ಪಾಸಾಗ್ದೆ ಇರೋರು ರಸ್ತೇಲಿ ತುಳೀಬಾರ್ದಂತೆ,” ಎಂದಳು. ನಿಯಮ ಇನ್ನೂ ಜಾರಿಗೆ ಬಂದಿಲ್ಲ ಎಂದರೆ, “ಬರತ್ತಲ್ಲ,” ಎಂದಳು. ಅವಳು ಅಂಥವಳು. ಮೆಟ್ಟಿಲ ಕೆಳಗೆ ಸೈಕಲ್ ನಿಲ್ಲಿಸಿ, ಯಾರೋ ಬೇಡವೆಂದು ಬಿಟ್ಟುಹೋದ ಹೂವಿನ ಪರದೆಯೊಂದನ್ನು ತಂದು ಅದರ ಮೇಲೆ ಹೊದಿಸಿ, ಅಂಚನ್ನು ಸರಿ ಮಾಡಿದಳು. ವಕ್ರವಾಗಿದ್ದರೆ ಅವಳಿಗಾಗದು.

ಈಗ ಮತ್ತೆ ನಾನು ಒಬ್ಬನೇ ಹೋಗುತ್ತೇನೆ. ಒಬ್ಬನೇ ಹೋಗುವವನಿಗೆ ರಸ್ತೆ ಸುಮ್ಮನೆ ಅಗಲವಾಗಿಬಿಡುತ್ತದೆ. ಮುಂದೆ ಯಾರ ಬೆನ್ನೂ ಇಲ್ಲದ್ದರಿಂದ ಎಷ್ಟು ವೇಗವಾಗಿ ತುಳಿಯಬೇಕೆಂಬುದೇ ತಿಳಿಯುವುದಿಲ್ಲ. ಮೊನ್ನೆ ಬೇಕರಿಯ ತಿರುವಿನಲ್ಲಿ ಯಾರೂ ಏನೂ ಹೇಳದೆಯೇ ‘ಹೂಂ’ ಎಂದೆ. ಪಕ್ಕದ ಸ್ಕೂಟರಿನವರು ಹೆಲ್ಮೆಟ್ಟಿನ ಗಾಜು ಎತ್ತಿ, “ನನಗೆ ಹೇಳಿದ್ರಾ?” ಎಂದು ವಿಚಾರಿಸಿದರು. ಇಲ್ಲ ಎಂದೆ. ಮತ್ತೆ ಯಾರಿಗೆ ಎಂದು ಅವರು ಕೇಳಲಿಲ್ಲ, ಪುಣ್ಯಾತ್ಮರು.

ಸಂಜೆ ಮನೆಯಲ್ಲಿ ಮಾತಾಡಿಕೊಳ್ಳಿ ಎಂದು ನೀವು ಹೇಳಬಹುದು. ಅದೇ ನಮಗೆ ಬರುವುದಿಲ್ಲ ಸ್ವಾಮೀ. ಅಪ್ಪ ಹೋದದ್ದನ್ನು ಕುರಿತು ನಾವಿಬ್ಬರೂ ಮಾತಾಡಿದ್ದು ಸೈಕಲ್ ಮೇಲೆ. ನನಗೆ ಬಂದು ತಪ್ಪಿಹೋದ ಸಂಬಂಧದ ಬಗ್ಗೆ ಅವಳು ಸಮಾಧಾನ ಹೇಳಿದ್ದೂ ಸೈಕಲ್ ಮೇಲೆ, ಆ ಹುಡುಗಿಯನ್ನು ಬೈದದ್ದೂ ಅಲ್ಲಿಯೇ. ಒಬ್ಬರ ಮುಖ ಒಬ್ಬರಿಗೆ ಕಾಣದಿದ್ದರೆ ಮಾತ್ರ ನಮಗೆ ಮಾತು ಹೊರಡುತ್ತದೆ. ಮನೆಯಲ್ಲಿ ಎದುರಾಬದುರು ಕೂತರೆ, “ದಾರೀಲಿ ಏನಾಯ್ತು?” ಎನ್ನುತ್ತಾಳೆ. “ಏನಿಲ್ಲ,” ಎನ್ನುತ್ತೇನೆ. ಆಮೇಲೆ ಹೊಲಿಗೆ ಯಂತ್ರ ಒಂದೇ ಮಾತಾಡುತ್ತದೆ. ಒಮ್ಮೆ ಅವಳಿಗೆ ಬೆನ್ನು ಹಾಕಿ ಕೂತು ನೋಡಿದೆ. “ಯಾಕೋ, ಸಿಟ್ಟಾ?” ಎಂದಳು.

ಆದ್ದರಿಂದ ನನ್ನ ಬೇಡಿಕೆ ಕೇಳಿ. ದೀಪ ಕಡ್ಡಾಯ ಮಾಡಿ, ಆದರೆ ನಿಂತಾಗಲೂ ಉರಿಯುವ ದೀಪ ಎಂದು ತಿದ್ದಿ. ವಿಮೆ ಮಾಡಿಸಿ, ಆದರೆ ನಮ್ಮಿಂದ ಅಜ್ಜಿಯನ್ನೂ ಲಾರಿಯಿಂದ ನಮ್ಮನ್ನೂ ಒಟ್ಟಿಗೆ ಕಾಯುವ ವಿಮೆ ಇರಲಿ. ತರಬೇತಿ ಕೊಡಿ, ಅದರ ಮೊದಲ ತರಗತಿಯಲ್ಲಿ, ಕಾರಿನ ಪರವಾನಗಿ ಬೇಡುವ ಪ್ರತಿಯೊಬ್ಬರನ್ನೂ ಸೈಕಲ್ ಮೇಲೆ ಕೂರಿಸಿ ಮುಸ್ಸಂಜೆಯಲ್ಲಿ ದೊಡ್ಡ ಚೌಕ ದಾಟಿಸಿ. ‘ಕೈ’ ಎಂದಿರುವಲ್ಲಿ ‘ಕೈ ಅಥವಾ ದೀಪ’ ಎಂದು ಬರೆಯಿರಿ. ಎರಡೇ ಪದ, ಅದರಲ್ಲೊಂದು ‘ಅಥವಾ’. ನಿಮ್ಮ ಕಚೇರಿಯಲ್ಲಿ ಅಥವಾಗಳಿಗೇನು ಬರವೇ? ಆಮೇಲೆ ನನ್ನ ಅಕ್ಕನನ್ನು ಮತ್ತೆ ಪರೀಕ್ಷೆಗೆ ಕರೆಯಿರಿ. ಸರಿಯಾಗಿ ತುಳಿಯದಿದ್ದರೆ ಧಾರಾಳವಾಗಿ ಫೇಲು ಮಾಡಿ, ತಕರಾರಿಲ್ಲ. ಆದರೆ ಸೈಕಲ್ಲಿನಲ್ಲಿ ಫೇಲು ಮಾಡಿ, ಭುಜದಲ್ಲಿ ಬೇಡ.

ನನಗೆ ದಯಪಾಲಿಸಿದ ಅರ್ಹತಾ ಪತ್ರವನ್ನು ಇದರೊಂದಿಗೆ ಹಿಂದಿರುಗಿಸುತ್ತಿದ್ದೇನೆ. ಅದರ ಹಿಂಬದಿಯಲ್ಲಿ ‘ಈ ಪತ್ರವನ್ನು ಬೇರೊಬ್ಬರಿಗೆ ವರ್ಗಾಯಿಸಲಾಗದು’ ಎಂದು ಅಚ್ಚಾಗಿದೆ. ಪ್ರಯತ್ನಿಸಿ ನೋಡಿದೆ, ಅವಳು ತೆಗೆದುಕೊಳ್ಳಲಿಲ್ಲ.

ಇಂತಿ,
ನಿಮ್ಮ ಕೃಪೆಯಿಂದ ಪಾಸಾಗಿ, ಏನು ಮಾಡಬೇಕೆಂದು ತೋಚದೆ ಕುಳಿತಿರುವ,
ತಮ್ಮವನಲ್ಲದ, ಅವಳ ತಮ್ಮ