ರಾಜ ಇಳಿದ ಮೇಲಿನ ಪಾಠ

ನೇತ್ರಾವತಿ ಮಿಸ್,

ನೀವು ತೀರಿಕೊಂಡು ವರ್ಷವಾಯಿತು. ಇದು ನಿಮಗೆ ತಲುಪುವುದಿಲ್ಲ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ.

ಪಂಚಾಯಿತಿ ಚುನಾವಣೆಗೆ ನಾನು ನಾಮಪತ್ರ ಹಾಕಿದ್ದೆ. ನಮ್ಮೂರಿನ ಸೀಟಿಗೆ ಇದುವರೆಗೆ ಯಾರೂ ವೋಟು ಹಾಕಿಲ್ಲ. ಹಿರಿಯರು ಅರಳಿಕಟ್ಟೆಯಲ್ಲಿ ಕೂತು ಒಬ್ಬರ ಹೆಸರು ಹೇಳುತ್ತಾರೆ, ಉಳಿದವರು ಸುಮ್ಮನಾಗುತ್ತಾರೆ. ಪ್ರತಿ ಸಲವೂ ಪುಟ್ಟರಂಗಯ್ಯನವರ ಮನೆಯವರೇ ಅವಿರೋಧ ಆಯ್ಕೆ.

ಇವತ್ತು ನನ್ನನ್ನು ಕಟ್ಟೆಗೆ ಕರೆಸಿದರು.

"ಏನ್ಲಾ ತಿಮ್ಮ, ಊರಿನ ಒಗ್ಗಟ್ಟು ಒಡೀತೀಯಾ?" ಅಂದರು ಪುಟ್ಟರಂಗಯ್ಯ.

"ಸೋತ್ರೆ ಸೋಲ್ತೀನಿ ದೊಡ್ಡಪ್ಪ. ಜನ ವೋಟ್ ಹಾಕ್ಲಿ, ಅಷ್ಟೇ. ಫ್ರಾನ್ಸಲ್ಲಿ ಜನ ರಾಜನ್ನೇ ಇಳಿಸಿದ್ರು."

"ಫ್ರಾನ್ಸು ನಮ್ಮ ಊರ್ಡಿಗೆರೆ ಹೋಬಳಿಗೆ ಬರ್ತದೇನ್ಲಾ?"

ಎಲ್ಲರೂ ನಕ್ಕರು. ನನಗೂ ನಗು ಬಂತು.

ಅಷ್ಟರಲ್ಲಿ ಅವ್ವ ಬಂದು ಎಲ್ಲರೆದುರೇ ನನ್ನ ಕೈ ಹಿಡಿದಳು. "ಬುಡು ಮಗಾ. ನಾಳೆ ನಿನ್ ತಂಗಿ ಮದ್ವೆಗೆ ಇವ್ರೇ ಬರ್ಬೇಕು ಕಣೋ."

ಪುಟ್ಟರಂಗಯ್ಯನವರ ಬೈಕಿನ ಹಿಂದೆಯೇ ಕೂತು ಪಂಚಾಯಿತಿ ಆಫೀಸಿಗೆ ಹೋಗಿ ನಾಮಪತ್ರ ವಾಪಸ್ ತೆಗೆದುಕೊಂಡೆ. ಬರುವಾಗ ಟೀ ಕೊಡಿಸಿದರು. ಕುಡಿದೆ. ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ.

ಜನ ರಾಜನನ್ನು ಇಳಿಸಿದರು ಅನ್ನುವವರೆಗೆ ನೀವು ಪಾಠ ಮಾಡಿದ್ದಿರಿ. ಮಾರನೆಯ ದಿನದಿಂದ ನಾನು ಶಾಲೆ ಬಿಟ್ಟು ಅಂತರಸನಹಳ್ಳಿಯ ವರ್ಕ್‌ಶಾಪಿಗೆ ಕೆಲಸಕ್ಕೆ ಹೋದೆ. ಇಳಿಸಿದವರೂ ರಾಜನ ಕಡೆಯವರೂ ಆಮೇಲೆ ಒಂದೇ ಊರಿನಲ್ಲಿ ಹೇಗೆ ಬದುಕಿದರು, ಮಿಸ್? ಒಬ್ಬರ ಮನೆ ಮದುವೆಗೆ ಇನ್ನೊಬ್ಬರು ಹೋದರಾ?

ತಿಮ್ಮರಾಜು